ಬಂಗು ಬಂದ ಮುಖಕ್ಕೆ ಒಪ್ಪುವ ಫೌಂಡೇಶನ್

ತಂಗಿಯ ಮದುವೆಯ ಆಲ್ಬಂನಲ್ಲಿ ಧಾರೆಯ ಹೊತ್ತಿನ ಒಂದು ಫೋಟೋ ಇದೆ. ಅದರಲ್ಲಿ ನನ್ನ ಮುಖದ ಬಣ್ಣವೇ ಬೇರೆ, ಕುತ್ತಿಗೆಯ ಬಣ್ಣವೇ ಬೇರೆ. ವಿಭೂತಿ ಬಳಿದು ಅರೆಬರೆ ಒರೆಸಿದಂತೆ ಕೆನ್ನೆಯೆಲ್ಲ ಬೂದು. ಮಂಗಳೂರಿನ ಮೇ ತಿಂಗಳ ಸೆಕೆ ಬೇರೆ. ಊಟದ ಪಂಕ್ತಿ ಏಳುವ ಹೊತ್ತಿಗೆ ಮೂಗಿನ ಎರಡೂ ಬದಿಯಲ್ಲಿ ಬಣ್ಣ ಕರಗಿ ಗೆರೆ ಬಿದ್ದಿತ್ತು. ಆ ಪುಟ ಬಂದಾಗ ಇವತ್ತಿಗೂ ಮನಸ್ಸು ಮುದುಡುತ್ತದೆ.

ಎರಡನೆಯ ಹೆರಿಗೆಯ ನಂತರ ನನ್ನ ಎರಡೂ ಕೆನ್ನೆಗಳಲ್ಲಿ ಬಂಗು ಕಾಣಿಸಿಕೊಂಡಿತು. ಅದನ್ನು ಮರೆಸಬೇಕೆಂದೇ ಜೀವನದಲ್ಲಿ ಮೊದಲ ಬಾರಿಗೆ ಫೌಂಡೇಶನ್ ಕೊಳ್ಳಲು ಹೋಗಿದ್ದೆ. ಅಂಗಡಿಯ ಹುಡುಗಿ ನನ್ನ ಮುಂಗೈ ಮೇಲೆ ಸ್ವಲ್ಪ ಹಚ್ಚಿ, "ಮದುವೆಗೆ ತಾನೇ ಮೇಡಂ, ಎರಡು ಶೇಡ್ ಬೆಳ್ಳಗಿರಲಿ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ" ಎಂದಳು. ನನ್ನದು ಎಣ್ಣೆಗಪ್ಪು ಬಣ್ಣ. ಚಿಕ್ಕಂದಿನಿಂದ ಕೇಳಿದ ಮಾತುಗಳೆಲ್ಲ ಒಳಗಿದ್ದುದರಿಂದ ಮರುಮಾತಿಲ್ಲದೆ ತೆಗೆದುಕೊಂಡೆ. ಆ ಸಲಹೆಯ ಬಗ್ಗೆ ನನಗೆ ಈಗಲೂ ಸಿಟ್ಟಿದೆ.

ಮುಖ ಬೂದುಗಟ್ಟಿದ್ದೇಕೆ ಎಂದು ತಿಳಿದದ್ದು ಎಷ್ಟೋ ಕಾಲದ ನಂತರ. ಯಾವ ಕಂಪನಿಯದ್ದಾದರೂ ಫೌಂಡೇಶನ್ನಿನ ಬಣ್ಣ ಹೆಚ್ಚಾಗಿ ಹುಟ್ಟುವುದು ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡ್‌ಗಳು ಮತ್ತು ಬಿಳಿಯ ಟೈಟಾನಿಯಂ ಡೈಆಕ್ಸೈಡ್‌ನಿಂದ. ಶೇಡ್ ತಿಳಿಯಾದಷ್ಟೂ ಬಿಳಿ ಹೆಚ್ಚು. ಕಪ್ಪು ಚರ್ಮದ ಮೇಲೆ ಬಿಳಿ ಹಚ್ಚಿದರೆ ಬೆಳ್ಳಗಾಗುವುದಿಲ್ಲ, ಬೂದಿಯಾಗುತ್ತದೆ. ಅದರ ಮೇಲೆ ಕ್ಯಾಮೆರಾದ ಫ್ಲ್ಯಾಶ್ ಬಿದ್ದರೆ ಆ ಬಿಳಿ ಇನ್ನಷ್ಟು ಎದ್ದು ಕಾಣುತ್ತದೆ. 2017ರಲ್ಲಿ ಫೆಂಟಿ ಬ್ಯೂಟಿ ಎಂಬ ಮೇಕಪ್ ಕಂಪನಿ ಒಂದೇ ಸಲಕ್ಕೆ 40 ಶೇಡ್‌ಗಳನ್ನು ತಂದಾಗ ಜಗತ್ತಿನ ಕಪ್ಪು ಹೆಣ್ಣುಮಕ್ಕಳು ಅಷ್ಟು ಸಂಭ್ರಮಿಸಿದ್ದು ಸುಮ್ಮನೆ ಅಲ್ಲ.

ಈಗ ನಾನು ಶೇಡ್ ನೋಡುವುದು ಮುಂಗೈ ಮೇಲಲ್ಲ. ದವಡೆಯಿಂದ ಕುತ್ತಿಗೆಗೆ ಇಳಿಯುವಂತೆ ಮೂರು ಗೆರೆ ಎಳೆದುಕೊಂಡು ಅಂಗಡಿಯಿಂದ ಹೊರಗೆ ಬಂದು, ಹಗಲು ಬೆಳಕಿನಲ್ಲಿ ಕಾಲು ಗಂಟೆ ಕಾಯುತ್ತೇನೆ. ಮುಖದ ಎಣ್ಣೆ, ಬೆವರು ಸೇರಿ ಕೆಲವು ಬಣ್ಣಗಳು ಗಾಢವಾಗುತ್ತವೆ. ಹಚ್ಚಿದ ಕೂಡಲೇ ಹೊಂದಿದ್ದು ಆಮೇಲೆ ಹೊಂದುವುದಿಲ್ಲ. ಯಾವ ಗೆರೆ ಹುಡುಕಿದರೂ ಸಿಗುವುದಿಲ್ಲವೋ ಅದೇ ನನ್ನದು. ಮಣಿಕಟ್ಟಿನ ನರ ನೀಲಿಯೋ ಹಸಿರೋ ನೋಡಿ ಚರ್ಮದ ಒಳಛಾಯೆ, ಅಂದರೆ ಬಣ್ಣದ ಹಿಂದೆ ಹಳದಿ ಇದೆಯೋ ಗುಲಾಬಿ ಇದೆಯೋ, ತಿಳಿಯಿರಿ ಎನ್ನುವ ಸಲಹೆ ನನ್ನ ಕೈಗೆ ನಡೆಯಲಿಲ್ಲ, ನರಗಳೇ ಸರಿಯಾಗಿ ಕಾಣುವುದಿಲ್ಲ.

ಶೇಡ್ ಸರಿಹೋದರೂ ಮಂಗಳೂರಿನ ಹವೆ ಇದೆಯಲ್ಲ. ಆ ಮದುವೆಗೆ ನಾನು ಹಚ್ಚಿದ್ದು ಡಬ್ಬಿಯಲ್ಲಿ ಬರುವ ಗಟ್ಟಿ ಕ್ರೀಮ್. ಅದರಲ್ಲಿ ಎಣ್ಣೆ, ಮೇಣ ಹೆಚ್ಚು. ಕಲೆಯನ್ನು ಚೆನ್ನಾಗಿ ಮುಚ್ಚುತ್ತದೆ, ಆದರೆ ಸೆಕೆಗೆ ಜಾರುತ್ತದೆ. ಅದನ್ನೇ ನನ್ನ ಅಕ್ಕ ಧಾರವಾಡದಲ್ಲಿ ಡಿಸೆಂಬರ್‌ನ ಒಣಗಾಳಿಯಲ್ಲಿ ಸುಖವಾಗಿ ಹಚ್ಚುತ್ತಾಳೆ. ನಾನು ನೆಚ್ಚುವ ಕಾಂಪ್ಯಾಕ್ಟ್ ಪೌಡರ್ ಅವಳ ಮುಖದ ಮೇಲೆ ಬಿರುಕು ಬಿಟ್ಟ ಕೆರೆಯಂಗಳದಂತೆ ಕಾಣುತ್ತದೆ. ಒಂದೇ ತಾಯಿಯ ಮಕ್ಕಳು, ಒಂದೇ ಬಣ್ಣ, ಆದರೂ ಹೀಗೆ. ಕುಶನ್ ಎಂದು ಸ್ಪಂಜಿನಲ್ಲಿ ನೆನೆಸಿಟ್ಟು ಕೊಡುವುದನ್ನೂ ತಂದು ನೋಡಿದೆ. ತೆಳುವಾಗಿ ಹೊಳೆಯುತ್ತದೆ, ಆದರೆ ಅದರ ಹೊಳಪಿನ ಜೊತೆ ನನ್ನ ಮುಖದ ಎಣ್ಣೆಯೂ ಸೇರಿತು.

ಸಮಾರಂಭಕ್ಕೆ ನನಗೆ ಒಗ್ಗಿದ್ದು ಹೊಳಪಿಲ್ಲದ, ದ್ರವರೂಪದ, ಸಿಲಿಕೋನ್ ಆಧಾರಿತ ಫೌಂಡೇಶನ್. ಬಾಟಲಿಯ ಮೇಲಿನ ಪದಾರ್ಥಗಳ ಪಟ್ಟಿಯಲ್ಲಿ ಡೈಮೆಥಿಕೋನ್‌ನಂತಹ ಹೆಸರು ಮೊದಮೊದಲೇ ಬಂದರೆ ಅದು ಆ ಜಾತಿಯದು. ಇದರ ಅಡಿಗೆ ಹಚ್ಚುವ ಪ್ರೈಮರ್ ಕೂಡ ಅದೇ ಜಾತಿಯದಾದರೆ ಒಳ್ಳೆಯದು. ಒಂದು ನೀರಿನದು, ಇನ್ನೊಂದು ಸಿಲಿಕೋನಿನದು ಆದಾಗ ಹಲವು ಸಲ ಅವು ಒಂದರ ಮೇಲೊಂದು ನಿಲ್ಲದೆ, ರಬ್ಬರಿನಿಂದ ಕಾಗದ ಉಜ್ಜಿದಾಗ ಉದುರುವ ಚೂರುಗಳಂತೆ ಸುರುಳಿಗಟ್ಟುತ್ತವೆ. ಬಂಗಿನ ಮೇಲೆ ಮಾತ್ರ ಸ್ಟಿಕ್ ಫೌಂಡೇಶನ್ನನ್ನು ಬೆರಳಿನಿಂದ ತಟ್ಟುತ್ತೇನೆ, ಮುಖಕ್ಕೆಲ್ಲ ಬಳಿಯುವುದಿಲ್ಲ. ಕೊನೆಗೆ ಚಿಟಿಕೆ ಪೌಡರ್.

ಕೆಲಸಕ್ಕೆಂದು ಬ್ಯಾಂಕಿಗೆ ಹೋಗುವ ದಿನಗಳಲ್ಲಿ ಇದ್ಯಾವುದೂ ಇಲ್ಲ, ಬಣ್ಣದ ಸನ್‌ಸ್ಕ್ರೀನ್ ಅಷ್ಟೇ. ಬಂಗಿನ ಬಗ್ಗೆ ಚರ್ಮದ ವೈದ್ಯೆಯ ಬಳಿ ಹೋದಾಗ ಅವರು ಒಂದು ಮುಖ್ಯ ಸಂಗತಿ ಹೇಳಿದರು. ಬಂಗು ಹೆಚ್ಚಾಗುವುದು ಬಿಸಿಲಿನ ಅತಿನೇರಳೆ ಕಿರಣಗಳಿಂದ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದಲೂ ಹೌದು. ಸಾಮಾನ್ಯ ಸನ್‌ಸ್ಕ್ರೀನ್ ಆ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಅಂದರೆ ಫೌಂಡೇಶನ್ನಿಗೆ ಬಣ್ಣ ಕೊಡುವ ಆ ಪುಡಿಯೇ ನನ್ನ ಕೆನ್ನೆಗೆ ಕಾವಲು. ಇದನ್ನು ಕೇಳಿದ ದಿನ ನನಗಾದ ಸಮಾಧಾನ ದೊಡ್ಡದು. ಫೌಂಡೇಶನ್ನಿನ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ಸಂಖ್ಯೆ) ಎಂದು ಬರೆದಿದ್ದರೂ ಅದನ್ನೊಂದೇ ನಂಬಬಾರದು ಎಂದೂ ಅವರು ಹೇಳಿದರು. ಆ ಸಂಖ್ಯೆಯನ್ನು ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ; ಅಷ್ಟು ದಪ್ಪವಾಗಿ ಫೌಂಡೇಶನ್ ಹಚ್ಚಿಕೊಂಡು ಯಾರೂ ಹೊರಗೆ ಹೋಗುವುದಿಲ್ಲ.

ಹಚ್ಚಿದ್ದನ್ನು ತೆಗೆಯುವುದನ್ನು ಮಾತ್ರ ನಾನು ಕಲಿತದ್ದು ಮಾವನಿಂದ. ಅಮ್ಮನ ತಮ್ಮ ಅವರು, ಹವ್ಯಾಸಿ ಯಕ್ಷಗಾನ ವೇಷಧಾರಿ. ಚಿಕ್ಕವಳಿದ್ದಾಗ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಅವರ ಪಕ್ಕ ಕೂರುತ್ತಿದ್ದೆ. ಪುಡಿಬಣ್ಣವನ್ನು ತೆಂಗಿನೆಣ್ಣೆಯಲ್ಲಿ ಅಂಗೈ ಮೇಲೆ ಕಲಸಿ, ಸಣ್ಣ ಕನ್ನಡಿ ಹಿಡಿದು ಹಚ್ಚುತ್ತಿದ್ದರು. ಬೆಳಗಿನ ಜಾವ ಆಟ ಮುಗಿದ ಮೇಲೆ ಅದೇ ತೆಂಗಿನೆಣ್ಣೆಯನ್ನು ಮುಖಕ್ಕೆಲ್ಲ ಸವರಿ, ಹಳೆಯ ಪಂಚೆಯ ತುಂಡಿನಿಂದ ಮೆಲ್ಲಗೆ ಒರೆಸುತ್ತಿದ್ದರು. "ಉಜ್ಜಬಾರದು ಮಗೂ, ಎಣ್ಣೆಯೇ ಬಣ್ಣವನ್ನು ಎಳೆದುಕೊಂಡು ಬರುತ್ತದೆ" ಎನ್ನುತ್ತಿದ್ದರು. ಮೊಡವೆ ಏಳುವ ಚರ್ಮಕ್ಕೆ ತೆಂಗಿನೆಣ್ಣೆ ಒಗ್ಗದು, ಅಂಥವರು ಬೇರೆ ಕ್ಲೆನ್ಸರ್ ನೋಡಿಕೊಳ್ಳಲಿ. ನನಗೆ ಮೊಡವೆ ಇಲ್ಲ. ಮದುವೆಮನೆಯಿಂದ ಎಷ್ಟು ಹೊತ್ತಾಗಿ ಬಂದರೂ, ಸೀರೆ ಬದಲಿಸುವ ಮೊದಲು ಬಚ್ಚಲಿನ ದೀಪ ಹಾಕಿ ಅಂಗೈಗೆ ನಾಲ್ಕು ಹನಿ ಎಣ್ಣೆ ಸುರಿದುಕೊಳ್ಳುತ್ತೇನೆ.