ಮನೆ ಬೆಲೆ ಏರಿದ್ದಕ್ಕೇ ತೆರಿಗೆ ಏರುವುದಿಲ್ಲ

ಅಮೆರಿಕದ ಆಸ್ತಿ ತೆರಿಗೆ ಬಿಲ್ಲು ನೋಡಲು ಒಂದೇ, ಒಳಗೆ ಹಲವು. ಕೌಂಟಿ (ನಮ್ಮ ಜಿಲ್ಲೆಯಂಥದು), ನಗರ, ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ), ಕೆಲವೆಡೆ ಗ್ರಂಥಾಲಯ, ಅಗ್ನಿಶಾಮಕ ದಳ, ಹೀಗೆ ಒಂದೊಂದಕ್ಕೂ ಅದರದೇ ದರ. ಬಹಳಷ್ಟು ಊರುಗಳಲ್ಲಿ ಸಿಂಹಪಾಲು ಶಾಲೆಯದು. ಮನೆಯಲ್ಲಿ ಮಕ್ಕಳಿಲ್ಲದವರೂ ಕಟ್ಟಲೇಬೇಕು.

ಅನೇಕ ರಾಜ್ಯಗಳಲ್ಲಿ ದರ ಹುಟ್ಟುವುದು ಬಜೆಟ್ಟಿನಿಂದ. ರಾಜ್ಯದ ಅನುದಾನ ಕಳೆದು ಡಿಸ್ಟ್ರಿಕ್ಟ್‌ಗೆ ಇನ್ನೂ 3 ಕೋಟಿ ಡಾಲರ್ ಬೇಕು, ಅಲ್ಲಿ ತೆರಿಗೆ ಬೀಳುವ ಆಸ್ತಿಯ ಮೌಲ್ಯ ಒಟ್ಟು 200 ಕೋಟಿ ಅನ್ನಿ. ಭಾಗಿಸಿದರೆ ಸಾವಿರಕ್ಕೆ 15 ಡಾಲರ್. ಇದಕ್ಕೇ 15 ಮಿಲ್ ಅನ್ನುವುದು. 3 ಲಕ್ಷದ ಮನೆಗೆ 4,500 ಡಾಲರ್. ಮರುವರ್ಷ ಎಲ್ಲ ಆಸ್ತಿಯೂ ಶೇ. 10 ಏರಿ ಬಜೆಟ್ ಅಷ್ಟೇ ಉಳಿದರೆ ದರ 13.64ಕ್ಕೆ ಇಳಿಯುತ್ತದೆ, ಬಿಲ್ಲು ಅದೇ 4,500. ನಿಮ್ಮ ಮನೆಯೊಂದೇ ಏರಿದ್ದರೆ ಮಾತ್ರ ಹತ್ತಿರಹತ್ತಿರ 4,950.

ಆದ್ದರಿಂದ ಮನೆಗೆ ಕಟ್ಟಿದ ಮೌಲ್ಯದ ವಿರುದ್ಧ ಸಲ್ಲಿಸುವ ಮೇಲ್ಮನವಿಯಲ್ಲಿ ‘ತೆರಿಗೆ ಜಾಸ್ತಿಯಾಯಿತು’ ಎಂದು ಗೋಳಾಡಿದರೆ ಪ್ರಯೋಜನವಿಲ್ಲ. ದರ ಮನವಿ ಕೇಳುವವರ ಕೈಯಲ್ಲಿಲ್ಲ, ಮೌಲ್ಯ ಮಾತ್ರ ಇದೆ. ದಾಖಲೆಯಲ್ಲಿ ಚದರಡಿ ತಪ್ಪಿದೆ, ಇಂಥದೇ ಪಕ್ಕದ ಮನೆಗಳಿಗೆ ಕಡಿಮೆ ಮೌಲ್ಯ ಕಟ್ಟಿದ್ದೀರಿ ಎಂದು ಕಾಗದ ಮುಂದಿಡಿ. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಇದಕ್ಕೆ ಗಡುವು ಮೇ 15, ಅಥವಾ ಮೌಲ್ಯದ ನೋಟಿಸ್ ಹೊರಟ ಮೇಲೆ 30 ದಿನ, ಯಾವುದು ತಡವೋ ಅದು. ದರದ ಜಗಳ ಆಡಬೇಕಾದದ್ದು ಶಾಲಾ ಮಂಡಳಿಯ ಬಜೆಟ್ ಸಭೆಯಲ್ಲಿ. ಅಲ್ಲಿ ಕುರ್ಚಿಗಳು ಖಾಲಿ ಇರುವುದೇ ಹೆಚ್ಚು.

ಈ ಲೆಕ್ಕದ ಹುಳುಕು ಪಕ್ಕದ ಡಿಸ್ಟ್ರಿಕ್ಟ್ ನೋಡಿದರೆ ಗೊತ್ತಾಗುತ್ತದೆ. ಮಕ್ಕಳ ಸಂಖ್ಯೆ ಅಷ್ಟೇ, ಆದರೆ ಮಾಲ್, ಕಚೇರಿ ಸೇರಿ ಆಸ್ತಿ 600 ಕೋಟಿ. ಅವರಿಗೆ 5 ಮಿಲ್‌ಗೇ 3 ಕೋಟಿ ಹುಟ್ಟುತ್ತದೆ. ಬಡ ಊರಿನವರು ಮೂರು ಪಟ್ಟು ದರ ತೆತ್ತು ಅಷ್ಟೇ ಪಡೆಯುತ್ತಾರೆ. ಟೆಕ್ಸಾಸ್‌ನ ಇಂಥ ಅಸಮಾನತೆ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1973ರಲ್ಲಿ 5-4ರಿಂದ ತೀರ್ಪಿತ್ತಿತು. ಆಮೇಲೆ ಹೋರಾಟ ರಾಜ್ಯಗಳ ಕೋರ್ಟುಗಳಿಗೆ ಹೋಯಿತು. ರಾಜ್ಯದ ಅನುದಾನ ಈ ಕಂದಕವನ್ನು ಒಂದಿಷ್ಟು ತುಂಬುತ್ತದೆ, ಪೂರ್ತಿ ಅಲ್ಲ.

ಕ್ಯಾಲಿಫೋರ್ನಿಯಾದ ದಾರಿಯೇ ಬೇರೆ. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನು ಮೂಲ ದರವನ್ನು ಶೇ. 1ಕ್ಕೆ ಕಟ್ಟಿಹಾಕಿತು, ಮನೆ ಕೈ ಬದಲಾಗುವವರೆಗೆ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಒಂದೇ ಗೋಡೆಯ ಆಚೀಚೆ ಅವಳಿ ಮನೆಗಳಿದ್ದರೂ ನಿನ್ನೆ ಕೊಂಡವರು ಹಳಬರ ಹಲವು ಪಟ್ಟು ಕಟ್ಟುವುದುಂಟು.

ಹೊಸದಾಗಿ ಕಟ್ಟಿದ ಮನೆ ಕೊಂಡವರಿಗೆ ಒಂದು ಮಾತು. ಮೊದಲ ಬಿಲ್ಲು ಎಷ್ಟೋ ಸಲ ಖಾಲಿ ಸೈಟಿನ ಮೌಲ್ಯಕ್ಕೆ ಬಂದಿರುತ್ತದೆ. ಸಾಲ ಕೊಟ್ಟವರು ಎಸ್ಕ್ರೋ ಕಂತನ್ನು (ತೆರಿಗೆ ಕಟ್ಟಲು ನಿಮ್ಮಿಂದ ತಿಂಗಳು ತಿಂಗಳು ಪಡೆದಿಡುವ ಹಣ) ಸಾಮಾನ್ಯವಾಗಿ ಅದರ ಮೇಲೇ ಲೆಕ್ಕ ಹಾಕುತ್ತಾರೆ. ಮರುವರ್ಷ ಪೂರ್ತಿ ಮನೆಯ ಬಿಲ್ಲು ಬಂದಾಗ ಹಳೆಯ ಕೊರತೆಯೂ ಹೊಸ ಕಂತೂ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಪೂರ್ತಿ ಬೆಲೆಗೆ ನೀವೇ ದರ ಗುಣಿಸಿ, ವ್ಯತ್ಯಾಸವನ್ನು ತಿಂಗಳು ತಿಂಗಳು ಬೇರೆ ತೆಗೆದಿಡಿ.