ಬಾಗಿಲಾಚೆ ಚಪ್ಪಲಿ, ಕಾಲಲ್ಲಿ ಬ್ರೇಸು

ಡಾಕ್ಟರ ಚೀಟಿಯಲ್ಲಿ ಸಾಮಾನ್ಯವಾಗಿ ಮೂರೇ ಅಕ್ಷರ: ಎಎಫ್‌ಓ. ಯಾವ ಕಾಲು ಅಂತ ಬರೆದಿದ್ದರೆ ನಮ್ಮ ಪುಣ್ಯ.

ಮಂಡಿ ಕೆಳಗಿನಿಂದ ಶುರುವಾಗಿ, ಮೀನಖಂಡದ ಹಿಂದೆ ಇಳಿದು, ಹಿಮ್ಮಡಿ ಸುತ್ತಿ, ಅಂಗಾಲಿನಡಿ ಬೆರಳವರೆಗೂ ಹೋಗುವ ಬಿಳಿ ಪ್ಲಾಸ್ಟಿಕ್ ಬ್ರೇಸ್ ನೋಡಿರುತ್ತೀರಿ, ಅದೇ ಇದು, ಆಂಕಲ್-ಫುಟ್ ಆರ್ಥೋಸಿಸ್. ಸ್ಟ್ರೋಕ್ ಆದವರು, ನರಕ್ಕೆ ಪೆಟ್ಟಾಗಿ ಪಾದ ಜೋತುಬಿದ್ದವರು, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ಹಾಕುತ್ತಾರೆ. ಮೈಸೂರಿನಲ್ಲಿ ಇವುಗಳ ಅಳತೆ ತೆಗೆದು ಮಾಡಿಕೊಡುವುದು ನನ್ನ ಕೆಲಸ. ವಾರಕ್ಕೊಂದು ದಿನ ಮಂಡ್ಯದಲ್ಲೂ ಕೂರುತ್ತೇನೆ. ಪಾದ ಯಾವ ಕೋನದಲ್ಲಿರಬೇಕು, ಪ್ಲಾಸ್ಟಿಕ್ಕಿನ ಅಂಚು ಎಲ್ಲಿಗೆ ನಿಲ್ಲಬೇಕು, ಎಷ್ಟು ಗಟ್ಟಿ, ಎಷ್ಟು ಬಳುಕು, ಇದ್ಯಾವುದೂ ಚೀಟಿಯಲ್ಲಿರುವುದಿಲ್ಲ. ಅದಕ್ಕೆ ಬೇಸರವೇನಿಲ್ಲ, ಅದನ್ನು ತೀರ್ಮಾನಿಸುವುದಕ್ಕೇ ನಾವು ಓದಿರುವುದು. ಆದರೆ ನಮ್ಮ ಪಠ್ಯಪುಸ್ತಕಗಳಲ್ಲೂ ಇಲ್ಲದ ಒಂದು ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ಮೊದಲು ಕೇಳುತ್ತೇನೆ. ಮನೆಯೊಳಗೆ ಕಾಲಿಗೆ ಏನು ಹಾಕುತ್ತೀರಿ?

ಮಂಡ್ಯದ ಕಡೆಯ ಒಬ್ಬ ಯಜಮಾನರು ನನ್ನ ಮುಖವನ್ನೇ ನೋಡಿ, "ಮನೆ ಒಳ್ಗೆ ಯಾರವ್ವ ಎಕ್ಕಡ ಮೆಟ್ಕಂಡ್ ಓಡಾಡ್ತಾರೆ?" ಅಂದರು. ಅವರ ಹೆಂಡತಿ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ನಗುವ ಪ್ರಶ್ನೆ ಅಂತ ಅನ್ನಿಸಬಹುದು. ಲೆಕ್ಕ ನೋಡಿ. ಎಎಫ್‌ಓ ಬಗ್ಗೆ ಬರೆದವರೆಲ್ಲ ಬಹುತೇಕ ಬೂಟು ಹಾಕುವ ದೇಶದವರು. ಬೂಟಿನ ಹಿಮ್ಮಡಿ ಮುಂಭಾಗಕ್ಕಿಂತ 1 ಸೆಂ.ಮೀ.ನಷ್ಟು ಎತ್ತರ ಇರುವುದು ಮಾಮೂಲು. ಹಿಮ್ಮಡಿಯಿಂದ ಬೆರಳಿನ ಬುಡಕ್ಕೆ ಸುಮಾರು 17 ಸೆಂ.ಮೀ. ಇದೆ ಅಂತಿಟ್ಟುಕೊಂಡರೆ, ಆ 1 ಸೆಂ.ಮೀ. ಇಡೀ ಕಣಕಾಲನ್ನು, ಅಂದರೆ ಮಂಡಿಯಿಂದ ಪಾದದ ಕೀಲಿನವರೆಗಿನ ಭಾಗವನ್ನು, 3 ಡಿಗ್ರಿಗೂ ಹೆಚ್ಚು ಮುಂದಕ್ಕೆ ವಾಲಿಸುತ್ತೆ. ಮಂಡಿಯ ಹತ್ತಿರ ಬರುವಷ್ಟರಲ್ಲಿ ಅದು 2 ಸೆಂ.ಮೀ. ದಾಟಿರುತ್ತೆ. ಪಾದದ ಕೀಲು ಆಡುವ ಆರೋಗ್ಯವಂತರಿಗೆ ಇದು ಗೊತ್ತೇ ಆಗುವುದಿಲ್ಲ, ಕೀಲು ತಾನೇ ಸರಿಮಾಡಿಕೊಳ್ಳುತ್ತೆ. ಗಟ್ಟಿ ಎಎಫ್‌ಓ ಹಾಕಿದವರ ಪಾದದ ಕೀಲನ್ನು ನಾವೇ ಬಿಗಿದಿರುತ್ತೇವಲ್ಲ, ಅವರಿಗೆ ಚಪ್ಪಲಿಯ ಎತ್ತರವೆಲ್ಲ ನೇರ ಮಂಡಿಗೇ ಹೋಗುತ್ತೆ.

ಬೂಟಿಗೆ ಹೊಂದಿಸಿದ ಬ್ರೇಸನ್ನು ಬೂಟಿಲ್ಲದೆ ನೆಲದ ಮೇಲಿಟ್ಟರೆ ಕಣಕಾಲು ಹಿಂದಕ್ಕೆ ವಾಲುತ್ತೆ, ಹೆಜ್ಜೆಹೆಜ್ಜೆಗೂ ಮಂಡಿ ಹಿಂದಕ್ಕೆ ಬಾಗುತ್ತೆ. ಸ್ಟ್ರೋಕ್ ಆದವರಲ್ಲಿ ಅನೇಕರಿಗೆ ಮೊದಲೇ ಮಂಡಿ ಹಿಂದಕ್ಕೆ ಹೋಗುವ ಚಾಳಿ ಇರುತ್ತೆ. ಅದನ್ನು ತಡೆಯಲು ಕೊಟ್ಟ ಬ್ರೇಸೇ ದಿನವಿಡೀ ಮನೆಯೊಳಗೆ ಅದನ್ನು ಹೆಚ್ಚಿಸುತ್ತೆ. ಕೆಲವು ತಿಂಗಳಲ್ಲಿ ಮಂಡಿಯ ಹಿಂಬದಿ ನೋವು ಶುರು. ಆಮೇಲೆ ಬ್ರೇಸು ಅಟ್ಟ ಸೇರುತ್ತೆ. "ಹಾಕ್ಕೊಂಡ್ರೆ ನೋವು ಜಾಸ್ತಿ ಮೇಡಂ" ಅಂತ ಬೇರೆ ಕಡೆ ಮಾಡಿಸಿದ ಬ್ರೇಸನ್ನು ಚೀಲದಲ್ಲಿ ಸುತ್ತಿ ತರುವವರು ಸುಳ್ಳು ಹೇಳುತ್ತಿರುವುದಿಲ್ಲ.

ಹಾಗಾಗಿ ನಾನು ಮಾಡುವ ಬ್ರೇಸು ಬರಿಗಾಲಿನದು. ಹಿಮ್ಮಡಿಗೆ ಬೇಕಾದ ಎತ್ತರವನ್ನು ಬ್ರೇಸಿನ ತಳಕ್ಕೇ ಅಂಟಿಸುತ್ತೇನೆ, ಅದರ ಕೆಳಗೆ ತೆಳುವಾದ ರಬ್ಬರ್. ಬರೀ ಪ್ಲಾಸ್ಟಿಕ್ ತಳ ಗ್ರಾನೈಟ್ ನೆಲದ ಮೇಲೆ, ಅದರಲ್ಲೂ ಬಚ್ಚಲ ಬಾಗಿಲಲ್ಲಿ, ಜಾರುತ್ತೆ. ಹೊರಗೆ ಹೋಗಲು ಹಿಂದೆ ಬೆಲ್ಟ್ ಇರುವ, ತಳ ಒಂದೇ ಸಮ ಇರುವ ಸ್ಯಾಂಡಲ್, ಒಂದು ಸೈಜು ದೊಡ್ಡದು. ಇನ್ನೊಂದು ಕಾಲಿನ ಎತ್ತರವೂ ಸರಿಹೋಗಬೇಕಲ್ಲ, ಆ ಕಾಲಿನ ಚಪ್ಪಲಿಯನ್ನೂ ನೋಡಬೇಕು. ಶ್ರೀರಂಗಪಟ್ಟಣದ ಕಡೆಯ ಅಜ್ಜಿಯೊಬ್ಬರಿಗೆ ಇದೆಲ್ಲಕ್ಕಿಂತ ದೊಡ್ಡ ಚಿಂತೆ ದೇವರ ಮನೆಯದಾಗಿತ್ತು. ಚಪ್ಪಲಿಯಂಥದ್ದನ್ನು ಹಾಕಿಕೊಂಡು ದೀಪ ಹಚ್ಚೋದು ಹೇಗೆ? ಚರ್ಮ ಒಂಚೂರೂ ಇಲ್ಲ ಅಜ್ಜಿ, ಬರೀ ಪ್ಲಾಸ್ಟಿಕ್ಕು ಅಂದೆ. ಕೊನೆಗೆ ರಬ್ಬರ್ ತಳವನ್ನು ವೆಲ್ಕ್ರೋದಲ್ಲಿ ಕೂರಿಸಿ, ಎರಡು ಜೊತೆ ತಳ ಮಾಡಿಕೊಟ್ಟೆ, ಒಂದು ಒಳಗಿಗೆ, ಒಂದು ಹೊರಗಿಗೆ. ಈ ಉಪಾಯ ನನಗೆ ಎಷ್ಟು ಹಿಡಿಸಿತೆಂದರೆ ಈಗ ಕೇಳದವರಿಗೂ ಹೇಳುತ್ತೇನೆ.

ಇನ್ನು ಅಚ್ಚು ತೆಗೆಯುವ ಕೆಲಸ. ಅದಕ್ಕೆ ಮೊದಲು ಮಲಗಿಸಿ, ಮಂಡಿ ನೇರ ಇಟ್ಟು ಒಮ್ಮೆ, ಮಂಡಿ ಮಡಚಿ ಒಮ್ಮೆ, ಪಾದವನ್ನು ಮೇಲಕ್ಕೆ ಒತ್ತಿ ನೋಡುತ್ತೇನೆ. ಮೀನಖಂಡದ ಮೇಲಿನ ಸ್ನಾಯು ಮಂಡಿಯನ್ನೂ ದಾಟಿ ಹೋಗುತ್ತೆ, ಒಳಗಿನ ಸ್ನಾಯು ದಾಟುವುದಿಲ್ಲ. ಮಂಡಿ ಮಡಚಿದಾಗ ಮಾತ್ರ ಪಾದ ಮೇಲೆ ಬಂದರೆ ಬಿಗಿ ಇರುವುದು ಮೇಲಿನದ್ದು. ಎರಡರಲ್ಲೂ ಬರದಿದ್ದರೆ ಬೇರೆ ಕಥೆ. ನಡೆಯುವಾಗ ಮಂಡಿ ನೇರ ಆಗಲೇಬೇಕು, ಆದ್ದರಿಂದ ನನಗೆ ಲೆಕ್ಕಕ್ಕೆ ಬರುವುದು ಮಂಡಿ ನೇರ ಇದ್ದಾಗ ಸಿಕ್ಕ ಕೋನ. ಅದು 90 ಡಿಗ್ರಿಗೆ ಬರುವುದಿಲ್ಲ ಅಂದರೆ ಬಲವಂತವಾಗಿ 90ಕ್ಕೆ ಅಚ್ಚು ತೆಗೆಯಬಾರದು. ತೆಗೆದರೆ ಏನಾಗುತ್ತೆ? ಹಿಮ್ಮಡಿ ಬ್ರೇಸಿನೊಳಗೆ ಮೇಲೇಳುತ್ತೆ, ಇಲ್ಲವೇ ಪಾದ ನಡುವಲ್ಲಿ ಬಾಗಿಕೊಂಡು ಚಪ್ಪಟೆಯಾಗುತ್ತೆ. ನೋಡುವವರಿಗೆ 90, ಒಳಗೆ ಮೋಸ. ಸಿಕ್ಕಷ್ಟೇ ಕೋನದಲ್ಲಿ ಅಚ್ಚು ತೆಗೆದು, ಹಿಮ್ಮಡಿಯ ಕೆಳಗಿನ ಖಾಲಿ ಜಾಗ ತುಂಬುವುದೇ ಸರಿ.

ಕಾಲಿಗೆ ತೆಳು ಕಾಲುಚೀಲ ಎಳೆದು, ಒದ್ದೆಯಾದರೆ ನೇರಳೆ ಬಣ್ಣ ಬಿಡುವ ಕಾಪಿಯಿಂಗ್ ಪೆನ್ಸಿಲಿನಲ್ಲಿ ಎಲುಬು ಉಬ್ಬಿದ ಕಡೆಯೆಲ್ಲ ಗುರುತು ಹಾಕುತ್ತೇವೆ: ಪಾದದ ಕೀಲಿನ ಎರಡೂ ಪಕ್ಕದ ಗಿಣ್ಣು, ಪಾದದ ಒಳಪಕ್ಕದ ಉಬ್ಬು, ಹೊರಪಕ್ಕದ ಕಿರುಬೆರಳಿನ ಎಲುಬಿನ ಬುಡ, ಮಂಡಿಯ ಹೊರಪಕ್ಕ ಸ್ವಲ್ಪ ಕೆಳಗೆ ಕೈಗೆ ಸಿಗುವ ಗುಂಡು ಎಲುಬು. ಒದ್ದೆ ಪಿಒಪಿ ಪಟ್ಟಿ ಸುತ್ತಿದಾಗ ನೇರಳೆ ಗುರುತುಗಳು ಪಟ್ಟಿಯ ಒಳಮೈಗೆ, ಅಲ್ಲಿಂದ ನಾವು ಹೊಯ್ಯುವ ಪ್ಲಾಸ್ಟರ್ ಕಾಲಿಗೆ ಇಳಿಯುತ್ತವೆ. ಆಮೇಲೆ ಅರ ಹಿಡಿದು ಕೂರುವುದು. ಗುರುತಿದ್ದ ಕಡೆ ಪ್ಲಾಸ್ಟರ್ ಮೆತ್ತಿ ಉಬ್ಬಿಸುತ್ತೇವೆ, ಬ್ರೇಸು ಅಲ್ಲಿ ಎಲುಬನ್ನು ಮುಟ್ಟದಿರಲಿ ಅಂತ. ಒತ್ತಡ ತಡೆದುಕೊಳ್ಳುವ ಮೆತ್ತನೆ ಜಾಗದಲ್ಲಿ ಕೆರೆದು ತಗ್ಗಿಸುತ್ತೇವೆ, ಅಲ್ಲಿ ಹಿಡಿತ ಸಿಗಲಿ ಅಂತ. ಓವನ್‌ನಲ್ಲಿ ಹಾಲುಬಿಳುಪಿನ ಪಾಲಿಪ್ರೊಪಿಲೀನ್ ಶೀಟು ಮೆಲ್ಲಗೆ ಗಾಜಿನ ಹಾಗೆ ತಿಳಿಯಾದಾಗ ಅದು ಹದಕ್ಕೆ ಬಂದಿದೆ ಅಂತ ಅರ್ಥ. ಎಳೆದು ಅಚ್ಚಿನ ಮೇಲೆ ಹೊದಿಸಿ ವ್ಯಾಕ್ಯೂಮ್ ಹಾಕಬೇಕು, ಆ ಹೊತ್ತಿಗೆ ಯಾರ ಫೋನ್ ಬಂದರೂ ಎತ್ತುವುದಿಲ್ಲ.

ಮಂಡಿ ಪಕ್ಕದ ಆ ಗುಂಡು ಎಲುಬಿನ ಬಗ್ಗೆ ಇನ್ನಷ್ಟು ಹೇಳಬೇಕು. ಪಾದವನ್ನು ಮೇಲಕ್ಕೆತ್ತುವ ನರ ಅದರ ಕುತ್ತಿಗೆಯನ್ನು ಸುತ್ತಿಕೊಂಡು, ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತೆ. ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕಳೆ ಕಿತ್ತವರಿಗೆ ಅಲ್ಲಿ ಒತ್ತಿ ಪಾದ ಜೋತುಬೀಳುವುದುಂಟು. ಪಾಂಡವಪುರದ ಕಡೆಯ ತರಕಾರಿ ಬೆಳೆಯುವ ರೈತರೊಬ್ಬರು ಹಾಗೇ ಬಂದಿದ್ದರು. ಎದ್ದು ನಿಂತಾಗ ಕಾಲು ಜೋಮು ಹಿಡಿದಿದೆ ಅಂದುಕೊಂಡರಂತೆ, ಸಂಜೆಗೂ ಬಿಡಲಿಲ್ಲ. ಇಂಥವರಿಗೆ ಮಾಡುವ ಬ್ರೇಸಿನ ಮೇಲಂಚು ಆ ಎಲುಬಿಗಿಂತ 2-3 ಸೆಂ.ಮೀ. ಕೆಳಗೇ ನಿಲ್ಲಬೇಕು. ಇಲ್ಲದಿದ್ದರೆ ಬಂದ ರೋಗಕ್ಕೆ ಕೊಟ್ಟ ಮದ್ದೇ ಅದೇ ನರವನ್ನು ಒತ್ತುತ್ತೆ. ಅವರ ಮಂಡಿ ಗಟ್ಟಿಯಿತ್ತು, ಬರೀ ಪಾದ ಎತ್ತಿಕೊಟ್ಟರೆ ಸಾಕಿತ್ತು. ಹಾಗಾಗಿ ಪಕ್ಕದ ಅಂಚನ್ನು ಗಿಣ್ಣಿನ ಹಿಂದಕ್ಕೆ ಕತ್ತರಿಸಿದೆ, ಬ್ರೇಸು ಬಳುಕುತ್ತೆ. ಅದೇ ಅಂಚು ಗಿಣ್ಣಿನ ಮುಂದಕ್ಕೆ ಬಂದರೆ ಗಟ್ಟಿಯಾಗಿ ಕೂರುತ್ತೆ, ಸ್ಟ್ರೋಕಿನ ಬಿಗಿ ಕಾಲಿಗೆ ಅದು ಬೇಕು. ಒಂದೇ ಶೀಟು, ಒಂದೇ ಅಚ್ಚು. ಸ್ವಭಾವ ಬದಲಾಗುವುದು ಅಂಚಿನಿಂದ.

"ಇದ ಇಕ್ಕಂಡು ಗದ್ದೆಗೆ ಇಳಿಬೋದಾ ಮೇಡಂ?" ಅಂದರು. ಇಳಿಯಬಹುದು, ತೊಳೆಯಬಹುದು. ಹಳೇ ಕಾಲದ ಚರ್ಮದ ಬೂಟು, ಕಬ್ಬಿಣದ ಸಲಾಕೆಯ ಕ್ಯಾಲಿಪರ್‌ಗೆ ಕೆಸರೆಂದರೆ ಆಗುತ್ತಿರಲಿಲ್ಲ.

ಆ ಕ್ಯಾಲಿಪರ್ ಹಾಕಿ ಬೆಳೆದವರು ಈಗಲೂ ಬರುತ್ತಾರೆ. ದೇಶದಲ್ಲಿ ಸಹಜ (ವೈಲ್ಡ್) ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯದು, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯವರು ನಮ್ಮ ಆಗ್ನೇಯ ಏಷ್ಯಾ ವಲಯವನ್ನೇ ಪೋಲಿಯೋಮುಕ್ತ ಅಂತ ಘೋಷಿಸಿದರು. ಹೊಸಬರು ಇಲ್ಲ, ಹಳಬರಿಗೆ ವಯಸ್ಸಾಗುತ್ತಿದೆ. ನನಗಿಂತ ಚಿಕ್ಕ ಆರ್ಥೋಟಿಸ್ಟ್‌ಗಳು, ಅಂದರೆ ಬ್ರೇಸು ಮಾಡುವವರು, ಪೋಲಿಯೋ ಕಾಲನ್ನು ಕೈಯಲ್ಲಿ ಹಿಡಿದು ನೋಡಿರುವುದೇ ಅಪರೂಪ, ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮದ್ದೂರಿನ ಕಡೆಯವರು, ಅರವತ್ತು ಹತ್ತಿರ. ತುದಿಗಾಲಲ್ಲಿ ನಡೆಯುತ್ತಾರೆ, ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಜೊತೆಗೆ ಬಂದ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಯೂಟ್ಯೂಬ್ ನೋಡಿಕೊಂಡೇ ಬಂದಿದ್ದ. "ಹಿಮ್ಮಡಿ ನೆಲಕ್ಕೆ ಬರೋ ಹಾಗೆ ಬ್ರೇಸ್ ಮಾಡಿ ಮೇಡಂ, ನೀಟಾಗಿ ನಡೀಲಿ." ನಾನು ಅಪ್ಪನನ್ನು ಮಂಚದ ಅಂಚಿಗೆ ಕೂರಿಸಿ, ಮಂಡಿ ನೇರ ಮಾಡಿ ಯಜಮಾನ್ರೇ ಅಂದೆ. ತೊಡೆಯ ಸ್ನಾಯು ಅಲುಗಿತು, ಕಾಲು ಮೇಲೇಳಲಿಲ್ಲ. ತೊಡೆಯಲ್ಲಿ ಬಲವಿಲ್ಲ. ಬಲವಿಲ್ಲದ ಮನುಷ್ಯ ಐವತ್ತು ವರ್ಷ ಹೇಗೆ ನಿಂತಿದ್ದರು?

ಆ ತುದಿಗಾಲಿನಿಂದಲೇ. ಬೆರಳಿನ ಬುಡ ಮೊದಲು ನೆಲ ಮುಟ್ಟಿದಾಗ ನೆಲದ ಒತ್ತು ಮಂಡಿಯ ಮುಂದೆ ಹಾದು, ಮಂಡಿಯನ್ನು ಹಿಂದಕ್ಕೆ ತಳ್ಳಿ, ಬಾಗಿಲಿಗೆ ಚಿಲಕ ಹಾಕಿದ ಹಾಗೆ ಬಿಗಿಯುತ್ತೆ. ಮೇಲೆ ಹೇಳಿದ ಸ್ಟ್ರೋಕಿನವರಲ್ಲಿ ಯಾವುದನ್ನು ತಡೆಯಲು ಒದ್ದಾಡುತ್ತೇನೋ, ಅದೇ ಇವರನ್ನು ನಿಲ್ಲಿಸಿದೆ. ಹಿಮ್ಮಡಿಯನ್ನು ನೆಲಕ್ಕೆ ತಂದರೆ ಚಿಲಕ ಕಳಚುತ್ತೆ, ಮಂಡಿ ಕುಸಿಯುತ್ತೆ. ಮಗನಿಗೆ ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಅಪ್ಪನೇ, "ಚಿಕ್ಕೋನಿದ್ದಾಗ ಒಬ್ರು ಎತ್ರದ ಹಿಮ್ಮಡಿ ತಗ್ದು ಬೂಟು ಕೊಟ್ಟಿದ್ರು, ಮಂಡಿ ಮಡ್ಚ್ಕಂಡ್ ಬಿದ್ಬುಡ್ತಿದ್ದೆ ಕಣಪ್ಪ" ಅಂದರು. ವಾದ ಅಲ್ಲಿಗೆ ಮುಗಿಯಿತು. ಕೋನವನ್ನು ಹಾಗೇ ಉಳಿಸಿ, ಖಾಲಿ ಜಾಗ ತುಂಬಿ, ಪಾದ ಪಕ್ಕಕ್ಕೆ ಮಗುಚದಂತೆ ಹಿಡಿಯುವ ಬ್ರೇಸು ಕೊಟ್ಟೆ. ನೋಡಲು ನೀಟಾಗಿಲ್ಲ. ಅವರು ನಡೆಯುತ್ತಾರೆ.

ಮಕ್ಕಳ ವಿಷಯ ಬೇರೆಯೇ ಬರೆಯಬೇಕಾದಷ್ಟಿದೆ, ಇಲ್ಲಿ ಒಂದೇ ಮಾತು. ಹುಟ್ಟಿನಿಂದ ಪಾದ ಒಳಕ್ಕೆ ತಿರುಗಿರುವ ಕೂಸುಗಳಿಗೆ ಪೊನ್ಸೆಟಿ ವಿಧಾನದಲ್ಲಿ ವಾರವಾರ ಪಿಒಪಿ ಪಟ್ಟಿ ಬದಲಿಸಿ ಪಾದ ಸರಿಮಾಡುತ್ತಾರೆ. ಆಮೇಲೆ ಎರಡು ಪುಟ್ಟ ಬೂಟುಗಳ ನಡುವೆ ಕಂಬಿ ಇರುವ ಬ್ರೇಸು, ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ನಂತರ ಮಲಗುವಾಗ ಮಾತ್ರ, 4-5 ವರ್ಷದವರೆಗೆ. ಪಾದ ಮತ್ತೆ ತಿರುಗಿದರೆ ಬಹುತೇಕ ಕಾರಣ ಬ್ರೇಸು ಬಿಚ್ಚಿಟ್ಟದ್ದು. ಬಿಚ್ಚುವವರು ಯಾರು? ಅಜ್ಜಿ. ಕೂಸು ಅತ್ತರೆ ಅವರಿಗೆ ತಡೆಯದು. ಅದಕ್ಕೆ ಕಂಬಿ ಕೊಡುವ ದಿನ ಅಪ್ಪ ಅಮ್ಮ ಬರದಿದ್ದರೂ ನಡೆಯುತ್ತೆ, ಅಜ್ಜಿ ಬರಲೇಬೇಕು ಅಂತ ಹೇಳಿ ಕಳಿಸುತ್ತೇನೆ. ಬೂಟು ಹಾಕುವುದನ್ನು ಅವರ ಕೈಯಲ್ಲೇ ಮಾಡಿಸುತ್ತೇನೆ.

ಬ್ರೇಸು ಹಾಕಿದ ಮೊದಲ ದಿನ "ಎಲ್ಲಿ ಒತ್ತುತ್ತೆ?" ಅಂತ ಕೇಳುವುದು ರೂಢಿ. ಸಕ್ಕರೆ ಕಾಯಿಲೆಯಿಂದ ಅಂಗಾಲಿನ ಸ್ಪರ್ಶ ಹೋದವರಿಗೆ ಆ ಪ್ರಶ್ನೆಯಿಂದ ಪ್ರಯೋಜನ ಇಲ್ಲ. "ಏನೂ ಒತ್ತಕಿಲ್ಲ ಬುಡವ್ವ" ಅನ್ನುತ್ತಾರೆ, ಒಳಗೆ ಚರ್ಮ ಸುಲಿಯುತ್ತಿರುತ್ತೆ. ಆಷಾಢದಲ್ಲಿ ಬರಿಗಾಲಲ್ಲಿ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿ, ಬೊಬ್ಬೆ ಬಂದದ್ದು ಆಮೇಲೆ ಅಂಗಾಲು ನೋಡಿದಾಗಲೇ ಗೊತ್ತಾದವರು ಇವರು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡು ಹೇಳಿ ಅನ್ನುತ್ತೇನೆ. ಗೊತ್ತಾಗದಿದ್ದರೆ ಅವರ ಬಾಯಿಮಾತನ್ನು ಬಿಟ್ಟು ಚರ್ಮವನ್ನೇ ನೋಡಬೇಕು. ಸ್ವಲ್ಪ ಹೊತ್ತು ನಡೆಸಿ, ಬಿಚ್ಚಿ, ಕೆಂಪಾದ ಕಡೆ ಪೆನ್ನಲ್ಲಿ ಸುತ್ತು ಹಾಕಿ ಕಾಯುತ್ತೇನೆ. 20-30 ನಿಮಿಷದಲ್ಲಿ ಕೆಂಪು ಹೋದರೆ ಸರಿ. ಹೋಗದಿದ್ದರೆ ಹೀಟ್ ಗನ್ ಹಿಡಿದು ಆ ಜಾಗವನ್ನು ಉಬ್ಬಿಸಬೇಕು, ಊರಿನ ಬಸ್ಸು ತಪ್ಪಿದರೂ ಸರಿ, ಅವತ್ತೇ. ಮನೆಯಲ್ಲಿ ದಿನಾ ರಾತ್ರಿ ಕಾಲನ್ನು ನೋಡುವ ಕೆಲಸ ಯಾರದು ಅಂತ ಅಲ್ಲೇ ಹೆಸರು ಹಿಡಿದು ಗೊತ್ತುಮಾಡುತ್ತೇನೆ. ಕಣ್ಣು ಚೆನ್ನಾಗಿರುವ ಮೊಮ್ಮಕ್ಕಳಿದ್ದರೆ ಅವರೇ.

ಕಳೆದ ಸುಗ್ಗಿಯಿಂದ ಬಹಳ ಜನ ಕೇಳುತ್ತಿರುವ ಒಂದು ಸಣ್ಣ ಸಂಗತಿ: ಕಣದಲ್ಲಿ, ದನದ ಕೊಟ್ಟಿಗೆಯಲ್ಲಿ ಓಡಾಡುವವರ ವೆಲ್ಕ್ರೋಗೆ ಹುಲ್ಲಿನ ಎಳೆ ತುಂಬಿ ಹಿಡಿಯುವುದೇ ಇಲ್ಲ. ಪಟ್ಟಿ ಸಡಿಲವಾದರೆ ಹಿಮ್ಮಡಿ ಮೇಲೇಳುತ್ತೆ, ಮಿಕ್ಕಿದ್ದೆಲ್ಲ ವ್ಯರ್ಥ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಪಿನ್ನಿನಿಂದ ಎಳೆ ತೆಗೆಯಿರಿ. ಆದರೂ ಹಿಡಿಯದಿದ್ದರೆ ನಿಮ್ಮೂರಿನ ಚಪ್ಪಲಿ ರಿಪೇರಿಯವರೇ ಹೊಸ ಪಟ್ಟಿ ಹೊಲಿದುಕೊಡುತ್ತಾರೆ, ಅದಕ್ಕಾಗಿ ಮೈಸೂರಿಗೆ ಬಸ್ಸು ಹತ್ತಬೇಡಿ. ಪಟ್ಟಿಯ ಅಗಲ ಮಾತ್ರ ಕಡಿಮೆ ಮಾಡಬಾರದು ಅಂತ ಅವರಿಗೆ ಹೇಳಿ.