ಕಾಸರಗೋಡಿನ ಅಚ್ಚುಮೆಚ್ಚಿನವರು ಯಾರು? ಚರ್ಚೆಗೊಂದು ಕ್ರಮ, ಮತಕ್ಕೊಂದು ಲೆಕ್ಕ

ವಾಚನಾಲಯದ ಜಗಲಿಯಲ್ಲಿ ಕುಳಿತವರ ಮುಂದೆ ಈ ಪ್ರಶ್ನೆ ಇಟ್ಟು ನೋಡಿ. ಮೊದಲ ಹತ್ತು ನಿಮಿಷ ಹೆಸರುಗಳು ಬರುತ್ತವೆ, ಆಮೇಲೆ ಜಗಳ ಬರುತ್ತದೆ. ಒಬ್ಬರು ಊರಿನ ದೊಡ್ಡ ವಿದ್ವಾಂಸರನ್ನು ಹೇಳುತ್ತಿರುತ್ತಾರೆ, ಇನ್ನೊಬ್ಬರು ಹೆಸರುವಾಸಿಯಾದವರನ್ನು, ಮೂರನೆಯವರು ತಮ್ಮ ಭಾಷೆಯವರನ್ನು. ಕೇಳಿದ್ದು ಮಾತ್ರ ಪ್ರೀತಿಯ ಬಗ್ಗೆ. ತುಳುವಿನಲ್ಲಿ ‘ನಮ್ಮ ಜನ’, ಮಲಯಾಳದಲ್ಲಿ ‘ನಮ್ಮುಡೆ ಆಳ್’ ಎಂದು ಯಾರನ್ನು ಕರೆಯುತ್ತಾರೋ ಅವರ ಹೆಸರು ಬೇಕು. ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಮರಾಠಿ ಒಂದೇ ಬಸ್ಸಿನಲ್ಲಿ ಕೇಳಿಸುವ ಊರಿನಲ್ಲಿ ಇದನ್ನು ಕೈ ಎತ್ತಿಸಿ ತೀರ್ಮಾನಿಸಲು ಹೋದರೆ ಅದು ಜನಗಣತಿಯಾಗಿಬಿಡುತ್ತದೆ.

ಹಾಗಾಗಿ ಚರ್ಚೆಗೆ ಮೊದಲೇ ಮೂರು ವಿಷಯ ಬರೆದಿಟ್ಟುಕೊಳ್ಳಬೇಕು: ಊರು ಎಂದರೆ ಎಲ್ಲಿಯವರೆಗೆ, ನಿವಾಸಿ ಎಂದರೆ ಯಾರು, ಬದುಕಿರುವವರು ಸೇರುತ್ತಾರೋ ಇಲ್ಲವೋ.

ಗಡಿಯ ವಿಷಯದಲ್ಲೇ ಹೆಚ್ಚಿನವರು ಎಡವುವುದು. ನಗರಸಭೆಯ ಗಡಿ ಹಿಡಿದರೆ ತಳಂಗರೆ ಒಳಗೆ ಬರುತ್ತದೆ, ಬದಿಯಡ್ಕ, ಕುಂಬಳೆ, ಮಂಜೇಶ್ವರ ಹೊರಗೆ ಉಳಿಯುತ್ತವೆ. ಅಂದರೆ ಅರ್ಧ ಹೆಸರುಗಳು ಅಲ್ಲೇ ಬಿದ್ದುಹೋದವು. ಹಾಗೆಂದು ‘ಚಂದ್ರಗಿರಿ ಹೊಳೆಯ ಉತ್ತರ’ ಎಂದು ಬರೆಯಲೇಬೇಡಿ. ಕರ್ನಾಟಕಕ್ಕೆ ಸೇರಬೇಕಾದ ಭಾಗವೆಂದು 1967ರಲ್ಲಿ ಮಹಾಜನ ಆಯೋಗ ಎಳೆದ ಗೆರೆ ಅದು. ಆ ಮಾತು ಕಿವಿಗೆ ಬಿದ್ದ ಕ್ಷಣ ಮಲಯಾಳಿ ಗೆಳೆಯರು ‘ಇದು ಗಡಿ ಹೋರಾಟದ ಸಭೆ’ ಅಂದುಕೊಳ್ಳುತ್ತಾರೆ, ಕನ್ನಡಿಗರು ಹಳೆಯ ನೋವಿನ ಮಾತಿಗೆ ಇಳಿಯುತ್ತಾರೆ, ಅಚ್ಚುಮೆಚ್ಚಿನವರ ಮಾತು ಅಲ್ಲಿಗೆ ಮುಗಿಯುತ್ತದೆ. ನನಗೆ ಸರಿ ಕಾಣುವ ಅಳತೆ ಒಂದೇ: ಕೋರ್ಟು, ಆಸ್ಪತ್ರೆ, ಜವುಳಿ ಅಂಗಡಿ ಎಂದು ಕೆಲಸ ಬಿದ್ದಾಗ ಯಾವ ಊರಿನವರು ಕಾಸರಗೋಡು ಪೇಟೆಯ ಬಸ್ಸು ಹತ್ತುತ್ತಾರೋ ಆ ಊರೆಲ್ಲ ಒಳಗೆ. ಬದಿಯಡ್ಕ, ಕುಂಬಳೆ ಸಲೀಸಾಗಿ ಸೇರುತ್ತವೆ. ಮಂಜೇಶ್ವರದವರು ಇಂಥ ಕೆಲಸಕ್ಕೆ ಮಂಗಳೂರಿಗೂ ಹೋಗುವವರಾದ್ದರಿಂದ ಅಲ್ಲಿ ಸ್ವಲ್ಪ ಚರ್ಚೆ ನಡೆಯಲಿ. ಅಲ್ಲಿನ ಕವಿ ಗೋವಿಂದ ಪೈಗಳನ್ನು ಬಿಟ್ಟು ಕಾಸರಗೋಡಿನ ಪಟ್ಟಿ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ, ಕೊನೆಗೆ ಸೇರಿಸಿಕೊಳ್ಳುತ್ತಾರೆ.

ನಿವಾಸಿ ಎನ್ನುವುದಕ್ಕೆ ಇಪ್ಪತ್ತು ವರ್ಷದ ನಿಯಮ ಸಾಕು: ದುಡಿಯುವ ವಯಸ್ಸಿನ ಇಪ್ಪತ್ತು ವರ್ಷವಾದರೂ ಇಲ್ಲಿ ಬದುಕಿರಬೇಕು. ಇದನ್ನು ಮೊದಲೇ ಹೇಳದಿದ್ದರೆ ಹುಡುಗರ ಗುಂಪು ಅನಿಲ್ ಕುಂಬ್ಳೆ ಹೆಸರು ಕೂಗುತ್ತದೆ. 619 ಟೆಸ್ಟ್ ವಿಕೆಟ್, 1999ರಲ್ಲಿ ದೆಹಲಿಯಲ್ಲಿ ಒಂದೇ ಇನಿಂಗ್ಸಿನ ಹತ್ತೂ ವಿಕೆಟ್. ಕುಂಬಳೆ ಎಂಬ ಊರಿನ ಹೆಸರನ್ನು ಜಗತ್ತಿನ ಸ್ಕೋರ್‌ಬೋರ್ಡಿನಲ್ಲಿ ಬರೆಸಿದ ಮನುಷ್ಯ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಅದು ಹೆಮ್ಮೆಯ ಪಟ್ಟಿಗೆ ಸೇರಬೇಕಾದ ಹೆಸರು.

ಬದುಕಿರುವವರಿಗೆ ಬೇರೆ ದಿನ ಇಡಿ. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದ ಸತ್ಯನಾರಾಯಣ ಬೇಳೇರಿಯವರಂಥವರನ್ನು ಗತಿಸಿದ ಕವಿಗಳ ಜೊತೆ ತೂಗುವುದು ಎರಡೂ ಕಡೆಗೆ ಅನ್ಯಾಯ. ಬದುಕಿರುವವರ ಕೊರತೆಯನ್ನು ಸಭೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊರತೆ ಹೇಳದ ಚರ್ಚೆ ಸನ್ಮಾನವಾಗುತ್ತದೆ.

ಗತಿಸಿದವರ ಪಟ್ಟಿಯನ್ನು ನಾಲ್ಕಕ್ಕೆ ನಿಲ್ಲಿಸುವುದು ಒಳ್ಳೆಯದು. ಐದಾದರೆ ಎರಡು ಗಂಟೆಯಲ್ಲಿ ಮುಗಿಯುವುದಿಲ್ಲ. ನನ್ನ ನಾಲ್ಕು ಇವರು.

ಮಂಜೇಶ್ವರ ಗೋವಿಂದ ಪೈ (1883–1963). 1911ರಲ್ಲೇ ಪ್ರಾಸ ಬಿಟ್ಟು ಬರೆದ ಧೈರ್ಯ, ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಪಾಂಡಿತ್ಯ, 1949ರಲ್ಲಿ ಮದರಾಸು ಸರಕಾರ ಕೊಟ್ಟ ರಾಷ್ಟ್ರಕವಿ ಗೌರವ. ಇವರ ಪರ ಮಾತಾಡುವವರು ಎಚ್ಚರವಾಗಿರಬೇಕು: ಪಾಂಡಿತ್ಯದ ಪಟ್ಟಿ ಬೆಳೆದಷ್ಟೂ ಸಭಿಕರಿಗೆ ಗೌರವ ಹೆಚ್ಚುತ್ತದೆ, ಸಲಿಗೆ ಕಡಿಮೆಯಾಗುತ್ತದೆ.

ಕಯ್ಯಾರ ಕಿಞ್ಞಣ್ಣ ರೈ (1915–2015). ಮೇಷ್ಟ್ರು, ಕೃಷಿಕ, ಕವಿ, ಪಂಚಾಯತಿನ ಕೆಲಸ ಮಾಡಿದವರು, ಪೂರ್ತಿ ನೂರು ವರ್ಷ ಬಾಳಿದವರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಸಂಕಟವನ್ನು ಮನೆಗೆ ಬಿದ್ದ ಬೆಂಕಿ ಎಂದು ಕೂಗಿ ಹೇಳಿದ ಕವಿ. ಕನ್ನಡಿಗರ ಎದೆಯಲ್ಲಿ ಇವರಿಗಿರುವ ಜಾಗ ಅಲ್ಲಾಡುವಂಥದ್ದಲ್ಲ. ಆದರೆ ಆ ಕೂಗೇ ಮಲಯಾಳ ಮಾತಾಡುವ ಮತದಾರರನ್ನು ದೂರ ನಿಲ್ಲಿಸುತ್ತದೆ. ಪರ ಮಾತಾಡುವವರು ಇದನ್ನು ಮುಚ್ಚಿಡದೆ ತಾವೇ ಎತ್ತಿಕೊಳ್ಳಬೇಕು.

ತಳಂಗರೆಯ ಟಿ. ಉಬೈದ್ (1908–1972). ಕನ್ನಡ ಶಾಲೆಯಲ್ಲಿ ಓದಿ ಮಲಯಾಳದ ಕವಿಯಾದವರು, ಕೇರಳದ ಮುಸ್ಲಿಮರ ಮಾಪ್ಪಿಳ ಹಾಡುಗಳನ್ನು ಸಾಹಿತ್ಯವೆಂದು ವಿದ್ವಾಂಸರ ಸಭೆಯಲ್ಲಿ ಒಪ್ಪಿಸಿದವರು, ಎರಡು ಭಾಷೆಗಳ ನಡುವೆ ಕವಿತೆ ಸಾಗಿಸಿದವರು. ಕೇರಳಕ್ಕೆ ಸೇರುವ ಹೊತ್ತಿಗೆ ಇವರು ಸಂಭ್ರಮದ ಕವಿತೆಯಷ್ಟನ್ನೇ ಬರೆದು ಸುಮ್ಮನಾಗಬಹುದಿತ್ತು. ಬರೆದದ್ದು ಕನ್ನಡ ತಾಯಿಯ ಮುಂದೆ ನಿಂತು ‘ಹೋಗಿ ಬರಲು ಅಪ್ಪಣೆ ಕೊಡು’ ಎಂದು ಕೇಳುವ ಕವಿತೆ. ಒಂದೇ ದಿನ, ಒಂದೇ ತಾಲೂಕು; ಕಯ್ಯಾರರಿಗೆ ಉರಿಯುವ ಮನೆ ಕಂಡಿತು, ಉಬೈದರಿಗೆ ಬೀಳ್ಕೊಡುವ ತಾಯಿ ಕಂಡಳು. ಈ ಎರಡನ್ನು ಅಕ್ಕಪಕ್ಕ ಇಟ್ಟು ಮಾತಾಡಿದರೆ ಸಭೆ ತಾನಾಗಿ ಮೌನವಾಗುತ್ತದೆ.

ನಾಲ್ಕನೆಯವರು ಬದಿಯಡ್ಕ ಕಿಳಿಂಗಾರಿನ ಸಾಯಿರಾಂ ಭಟ್ಟರು. 2022ರಲ್ಲಿ ತೀರಿಕೊಂಡರು. ಕಾಶಿಯಾತ್ರೆಗೆಂದು ಕೂಡಿಟ್ಟ ಹಣವನ್ನು ಮಳೆಗೆ ಗುಡಿಸಲು ಕಳೆದುಕೊಂಡ ಬಡವನ ಮನೆಗೆ ಹಾಕಿದರು. ಕಾಶಿಗೆ ಹೋಗುವುದು ಅಲ್ಲಿಗೆ ನಿಂತಿತು, ಮನೆ ಕಟ್ಟುವುದು ನಿಲ್ಲಲಿಲ್ಲ. 250ಕ್ಕೂ ಹೆಚ್ಚು ಮನೆಗಳ ಬೀಗದ ಕೈ ಅವರ ಕೈಯಿಂದ ಬಡವರ ಕೈಗೆ ಹೋಯಿತು, ಜಾತಿ ಮತ ಕೇಳದೆ. ಅವರು ಪುಸ್ತಕ ಬರೆದವರಲ್ಲ, ವೇದಿಕೆಯವರೂ ಅಲ್ಲ. ಅದರಿಂದಲೇ ಇಂಥ ಚರ್ಚೆಗಳಲ್ಲಿ ಅವರ ಹೆಸರು ಕೊನೆಗೆ ನೆನಪಾಗುತ್ತದೆ.

ಇನ್ನು ನಡೆಸುವ ಬಗೆ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಯಕ್ಷಗಾನದ ಕಥೆ ನಡೆಸುವ ತಾಳಮದ್ದಳೆಯ ನಾಡಿನಲ್ಲಿ ವಾದಕ್ಕೆ ಹೊರಗಿನ ನಿಯಮ ಬೇಕಿಲ್ಲ. ಅರ್ಥಧಾರಿ ಮೊದಲು ಪೀಠಿಕೆ ಹೇಳುತ್ತಾನೆ, ಆಮೇಲೆ ಸಂವಾದ. ಅದೇ ಕ್ರಮ ಇಡಿ: ಒಬ್ಬೊಬ್ಬರಿಗೆ ಐದು ನಿಮಿಷದ ಪೀಠಿಕೆ, ನಾಲ್ಕನೇ ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸಿ, ಐದಕ್ಕೆ ಎರಡು ಸಲ. ಪ್ರತಿ ಪೀಠಿಕೆಯ ಬೆನ್ನಿಗೆ ಒಂದು ನಿಮಿಷ ಇನ್ನೊಂದು ಭಾಷೆಯಲ್ಲಿ ಸಾರ. ಬಳಿಕ ಪಾತ್ರ ಬದಲು: ಪೈಗಳ ಪರ ಮಾತಾಡಿದವರು ಉಬೈದರ ಅತ್ಯಂತ ಬಲವಾದ ಅಂಶವನ್ನು ಎರಡು ನಿಮಿಷ ಹೇಳಬೇಕು, ಉಬೈದರ ಪರದವರು ಕಯ್ಯಾರರದ್ದನ್ನು, ಹೀಗೆ ಸುತ್ತು. ನಿನ್ನೆ ಕೌರವನಾದವನು ಇಂದು ಕೃಷ್ಣನಾಗುವುದು ನಮಗೆ ಹೊಸದಲ್ಲ. ಈ ಸುತ್ತನ್ನು ಬಿಟ್ಟರೆ ಸಭೆ ನಾಲ್ಕು ಶ್ರದ್ಧಾಂಜಲಿ ಭಾಷಣಗಳಾಗಿ ಮುಗಿಯುತ್ತದೆ.

ಹುಟ್ಟಿದ ದಿನ, ಓದಿದ ಶಾಲೆ, ಬಂದ ಪ್ರಶಸ್ತಿ, ಇವುಗಳಿಗೆ ಪೀಠಿಕೆಯಲ್ಲಿ ಒಂದು ನಿಮಿಷ ಮೀರಿ ಜಾಗ ಕೊಡಬೇಡಿ. ಅವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಬಾಗಿಲಲ್ಲೇ ಹಂಚಿ. ಉಳಿದ ನಾಲ್ಕು ನಿಮಿಷದಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರಲಿ: ತನ್ನ ಜಾತಿ, ತನ್ನ ಭಾಷೆ ಅಲ್ಲದವರಿಗೆ ಇವರು ಏನಾಗಿದ್ದರು? ಮತ್ತೊಂದು ಸಣ್ಣ ಎಚ್ಚರ. ವೇದಿಕೆಯ ಮೇಲೆ ಫೋಟೋಗಳಿಗೆ ಹಾರ ಹಾಕಬೇಡಿ, ದೀಪ ಹಚ್ಚಬೇಡಿ. ಮಲ್ಲಿಗೆ ಮಾಲೆ ಬಿದ್ದ ಫೋಟೋದ ಎದುರು ‘ಇವರಿಗಿಂತ ಅವರು’ ಎಂಬ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ.

ಮತಪತ್ರ ಹೀಗಿರಲಿ. ಅರುವತ್ತು ಜನರ ಸಭೆಗೆ ಎ4 ಹಾಳೆಯ ಕಾಲು ಭಾಗ ಒಂದು ಚೀಟಿ. 15 ಹಾಳೆ ಸಾಕು, ಹಾಳಾಗುವುದಕ್ಕೆಂದು 18 ಮುದ್ರಿಸಿ. ಪ್ರತಿ ಹೆಸರೂ ಕನ್ನಡ ಲಿಪಿಯಲ್ಲಿ, ಮಲಯಾಳ ಲಿಪಿಯಲ್ಲಿ, ಪಕ್ಕದಲ್ಲಿ ಪುಟ್ಟ ಫೋಟೋ. ಮೇಲಿರುವ ಹೆಸರಿಗೆ ಸುಮ್ಮನೆ ಒಂದಷ್ಟು ಮತ ಹೆಚ್ಚು ಬೀಳುತ್ತದೆ. ಅದಕ್ಕೆ ಒಂದು ಹಾಳೆಯ ನಾಲ್ಕು ಚೀಟಿಗಳಲ್ಲಿ ನಾಲ್ಕು ಬೇರೆ ಅನುಕ್ರಮ ಇಟ್ಟು, ಕತ್ತರಿಸಿ, ಇಸ್ಪೀಟಿನ ಎಲೆಯಂತೆ ಕಲಸಿ ಹಂಚಿ. ಟಿಕ್ ಗುರುತು ಬೇಡ; ಹೆಸರಿನ ಮುಂದೆ 1, 2, 3 ಎಂದು ಬರೆಯಬೇಕು.

ಯಾಕೆ ಮೂರು ಎಂಬುದಕ್ಕೆ ಒಂದು ಕಲ್ಪಿತ ಲೆಕ್ಕ. ಕ, ಖ, ಗ, ಘ ಎಂಬ ನಾಲ್ವರು, 60 ಮತ. ಮೊದಲ ಆಯ್ಕೆ: ಗ 22, ಕ 17, ಖ 13, ಘ 8. ಬರೀ ಇಷ್ಟನ್ನೇ ನೋಡಿದರೆ ಗ ಗೆದ್ದರು. ಆದರೆ 38 ಜನ ಅವರನ್ನು ಮೊದಲು ಬರೆಯಲಿಲ್ಲ, ಕ ಮತ್ತು ಖ ಒಂದೇ ಬಳಗದ ಮತ ಹಂಚಿಕೊಂಡರು. ಈಗ ಎರಡನೇ ಆಯ್ಕೆ ನೋಡಿ: ಘ 36, ಖ 11, ಕ 10, ಗ 3. ಮೂರನೆಯದು: ಕ 21, ಖ 20, ಘ 15, ಗ 4. ಮೊದಲಿಗೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ ಕೊಟ್ಟರೆ ಘ 111, ಕ 92, ಖ 81, ಗ 76. ಒಟ್ಟು 360 ಬರಬೇಕು. ಬರದಿದ್ದರೆ ಎಣಿಕೆಯಲ್ಲಿ ತಪ್ಪಿದೆ, ಮೊದಲಿಂದ ಎಣಿಸಿ. ಎಂಟೇ ಜನ ಮೊದಲು ಬರೆದ ಘ ಎಲ್ಲರ ಮನೆಯಲ್ಲೂ ಎರಡನೇ ಮಣೆ ಹಾಕಿಸಿಕೊಂಡವರು. ನಮ್ಮಂಥ ಊರಿನಲ್ಲಿ ಅಚ್ಚುಮೆಚ್ಚು ಎಂಬ ಮಾತು ಒಪ್ಪುವುದು ಅವರಿಗೆ ಎಂದೇ ನನ್ನ ವಾದ. ಮೂರನೇ ಒಂದು ಭಾಗದವರ ಆರಾಧ್ಯನಾಗುವುದು ಬೇರೆ, ಮನೆಮನೆಗೆ ಬೇಕಾದವನಾಗುವುದು ಬೇರೆ.

ಈ ಪದ್ಧತಿಗೂ ಎರಡು ತೂತುಗಳಿವೆ. ಕೆಲವರು ಒಂದೇ ಹೆಸರಿಗೆ 1 ಬರೆದು ಉಳಿದದ್ದನ್ನು ಖಾಲಿ ಬಿಡುತ್ತಾರೆ, ತಮ್ಮವರಿಗೆ ಪೂರ್ತಿ 3 ಅಂಕ, ಬೇರೆಯವರಿಗೆ ಸೊನ್ನೆ ಆಗಲಿ ಎಂದು. ಮದ್ದು ಸುಲಭ: ಎಷ್ಟು ಹೆಸರು ಗುರುತಿಸಿದ್ದಾರೋ ಅಷ್ಟರಿಂದ ಅಂಕ ಶುರು. ಒಂದೇ ಬರೆದರೆ ಅದಕ್ಕೆ 1, ಎರಡು ಬರೆದರೆ 2 ಮತ್ತು 1. ಇದನ್ನು ಮತ ಹಾಕುವ ಮೊದಲು ಎರಡೂ ಭಾಷೆಯಲ್ಲಿ ಹೇಳಬೇಕು. (ಇಂಥ ಚೀಟಿಗಳಿದ್ದರೆ ಒಟ್ಟು 360ಕ್ಕಿಂತ ಕಡಿಮೆಯಾಗುತ್ತದೆ, ಒಂದು ಹೆಸರಿನ ಚೀಟಿಗೆ 5, ಎರಡು ಹೆಸರಿನದಕ್ಕೆ 3 ಕಳೆದು ತಾಳೆ ನೋಡಿ.) ಇನ್ನೊಂದು ತೂತು, ಎದುರಾಳಿ ಬಲವಾಗಿದ್ದಾರೆಂದು ಬೇಕೆಂದೇ ಅವರ ಹೆಸರು ಬಿಟ್ಟುಬಿಡುವುದು. ಇದನ್ನು ಪೂರ್ತಿ ತಡೆಯಲಾಗದು. ಆದರೆ ಮೊದಲಿನ ಇಬ್ಬರನ್ನು ನೇರ ಎದುರಿಟ್ಟು, ಎಷ್ಟು ಚೀಟಿಗಳಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಮೇಲಿದ್ದಾರೆ ಎಂದು ಎಣಿಸಿದರೆ ಗುಟ್ಟು ತಿಳಿಯುತ್ತದೆ. ಮೇಲಿನ ಲೆಕ್ಕದ ಚೀಟಿಗಳಲ್ಲಿ 36ರಲ್ಲಿ ಘ ಮೇಲೆ, 24ರಲ್ಲಿ ಕ ಮೇಲೆ ಇದ್ದರೆ ತೀರ್ಪು ಗಟ್ಟಿ. ಅಂಕದಲ್ಲಿ ಗೆದ್ದವರು ಈ ಎಣಿಕೆಯಲ್ಲಿ ಸೋತರೆ ಇಬ್ಬರ ಹೆಸರನ್ನೂ ಒಟ್ಟಿಗೆ ಘೋಷಿಸಿ.

ಎಣಿಸುವಾಗ ಚೀಟಿ ಓದಲು ಒಬ್ಬರು, ಕರಿಹಲಗೆಯಲ್ಲಿ ಗೀಟು ಎಳೆಯಲು ಒಬ್ಬರು, ಪುಸ್ತಕದಲ್ಲಿ ಬರೆದುಕೊಳ್ಳಲು ಒಬ್ಬರು. ಮೂವರೂ ಒಂದೇ ಮನೆಮಾತಿನವರಾಗಿರಬಾರದು. ಅಭ್ಯರ್ಥಿಗಳ ಮನೆಯವರು ಸಭೆಯಲ್ಲಿ ಕೂರಲಿ, ಮತವನ್ನೂ ಹಾಕಲಿ, ಮಾತು ಮಾತ್ರ ಬೇಡ.

ನನ್ನ ಚೀಟಿಯನ್ನು ಮುಚ್ಚಿಡುವುದಿಲ್ಲ: 1 ಸಾಯಿರಾಂ ಭಟ್ಟರು, 2 ಉಬೈದ್, 3 ಕಯ್ಯಾರ. ಪೈಗಳ ಹೆಸರು ಬಿಟ್ಟದ್ದಕ್ಕೆ ಮನಸ್ಸು ಚುರುಗುಟ್ಟುತ್ತದೆ. ಅವರ ಮುಂದೆ ತಲೆ ಬಾಗುತ್ತದೆ. ಆದರೆ ಮಳೆಗಾಲದ ರಾತ್ರಿ ಸೋರದ ಮಾಡಿನ ಕೆಳಗೆ ಮಲಗಿದ 250 ಮನೆಯವರು ಒಬ್ಬರನ್ನು ನೆನೆಯುವ ರೀತಿಗೆ ನಾನು ಬೇರೆ ಹೆಸರು ಕೊಡಲಾರೆ.

ಫಲಿತಾಂಶದ ಹಾಳೆಯಲ್ಲಿ ಗೆದ್ದವರ ಹೆಸರನ್ನಷ್ಟೇ ಬರೆಯಬೇಡಿ. ನಾಲ್ವರದ್ದೂ ಮೊದಲ, ಎರಡನೆಯ, ಮೂರನೆಯ ಆಯ್ಕೆಗಳ ಸಂಖ್ಯೆ, ಒಟ್ಟು ಅಂಕ, ನೇರ ಎಣಿಕೆ, ಎಲ್ಲವನ್ನೂ ಎರಡು ಲಿಪಿಯಲ್ಲಿ ಬರೆದು ವಾಚನಾಲಯದ ಬಾಗಿಲಿಗೆ ಅಂಟಿಸಿ. ಜೂನ್ ಕಳೆದಿದ್ದರೆ ಬಾಗಿಲಿನ ಒಳಬದಿಗೆ; ಹೊರಗಿನ ಇರಿಚಲಿಗೆ ಶಾಯಿ ಒಂದು ವಾರ ನಿಲ್ಲುವುದಿಲ್ಲ.